ಸಂಜೆಯ ಎಣಿಕೆಯಲ್ಲಿ ಒಬ್ಬಳು ಕಡಿಮೆ

ಇಲ್ಲ, ಆ ಮಾತನ್ನು ಅವಳು ಹಾಗೆಯೇ ಹೇಳಿರಲಿಕ್ಕಿಲ್ಲ. ಆರನೇ ತರಗತಿಯ ಹುಡುಗಿಯೊಬ್ಬಳು ಅಷ್ಟು ಉದ್ದದ ಯೋಚನೆಯನ್ನು ಎಲ್ಲಿಯೂ ತಡವರಿಸದೆ ಆಡಿ ಮುಗಿಸಿದಳೆಂದು ನೆನೆಯುವಾಗ, ಅದರೊಳಗೆ ನನ್ನದೇ ದನಿ ಕೇಳಿಸುತ್ತದೆ. ಸ್ಟಾಫ್ ರೂಮಿನಲ್ಲಿ ಅದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಅವಳ ಒಂದು ಪದ ಉದುರಿ, ನನ್ನದೊಂದು ಆ ಜಾಗದಲ್ಲಿ ಬಂದು ಕೂತಿರಬೇಕು. ಈಗ ಉಳಿದಿರುವುದರಲ್ಲಿ ಅವಳದೆಷ್ಟು, ನನ್ನದೆಷ್ಟು ಎಂದು ಬೇರ್ಪಡಿಸಲು ಹೋದರೆ ಕೈಗೆ ಗಟ್ಟಿಯಾಗಿ ಸಿಗುವುದು ಕೆಲವೇ ವಸ್ತುಗಳು: ಸ್ಟೀಲ್ ತಟ್ಟೆಗಳು, ನೀರಿನ ಟ್ಯಾಂಕಿನ ನೆರಳು, ಒಂದು ಕಂಬಳಿ.

ಆದರೂ ಬರೆಯಬೇಕೆನಿಸಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ನನ್ನ ತಮ್ಮ ಫೋನು ಮಾಡಿದಾಗಲೆಲ್ಲ ಒಂದೇ ಮಾತು ಕೇಳುತ್ತಾನೆ.

"ಅಕ್ಕಾ, ಮಂದಿ ಮಕ್ಕಳ ತಲಿ ಎಣಿಸ್ಕಂತ ಇನ್ನಾ ಎಷ್ಟು ವರ್ಷ ಅಲ್ಲಿ ಕುಂದರ್ತಿ? ಅಲ್ಲಿ ಏನೈತಿ ಅಂತ?"

ಏನಿದೆ ಎಂದು ಹೇಳಲು ನನ್ನ ಬಳಿ ವಿವರಣೆ ಇಲ್ಲ. ಈ ಒಂದು ಸಂಗತಿ ಇದೆ. ಅದನ್ನೂ ನಾನು ಪೂರ್ತಿ ನಂಬುವುದಿಲ್ಲ.

ಕೊಟ್ಟೂರು ಬಿಟ್ಟು ಹರಪನಹಳ್ಳಿಯ ಕಡೆ ಹೊರಟರೆ, ಮೆಕ್ಕೆಜೋಳದ ಹೊಲಗಳ ನಡುವೆ ನಮ್ಮ ವಸತಿ ಶಾಲೆ ಸಿಗುತ್ತದೆ. ಎರಡು ಉದ್ದನೆಯ ಕಟ್ಟಡ, ಕಾಂಪೌಂಡಿನ ಗುಂಟ ಬೇವಿನ ಮರಗಳು, ಹಿಂದೆ ಶಿಕ್ಷಕರ ಕ್ವಾರ್ಟರ್ಸು. ಐದು ತಾಲ್ಲೂಕಿನ ಮಕ್ಕಳು ಇಲ್ಲಿದ್ದಾರೆ. ಉಚ್ಚಂಗಿದುರ್ಗದ ಹುಡುಗಿ ಬಂದವಳೇ ಬೆಟ್ಟ ಎಲ್ಲಿ ಎಂದು ಹುಡುಕುತ್ತಾಳೆ. ಹೊಳೆದಂಡೆಯ ಮಾಗಳದಿಂದ ಬಂದವನು ನಮ್ಮ ಬೋರ್‌ವೆಲ್ ನೀರನ್ನು ಬಾಯಿಗೆ ಹಾಕಿ ಮುಖ ಕಿವುಚುತ್ತಾನೆ. ಚಿಗಟೇರಿ ಕಡೆಯವರು ಹತ್ತಿರದವರಾದ್ದರಿಂದ ಮೊದಲ ವಾರವೇ ಮನೆಗೆ ಓಡುವ ದಾರಿ ಲೆಕ್ಕ ಹಾಕುತ್ತಾರೆ. ನಾನು ಇಲ್ಲಿ ಗಣಿತ ಕಲಿಸುತ್ತೇನೆ. ಸಂಜೆಯ ಹೊತ್ತು ಹುಡುಗಿಯರ ಮೇಲ್ವಿಚಾರಣೆಯೂ ನನ್ನದೇ.

ಆ ಹುಡುಗಿ ಕೂಡ್ಲಿಗಿ ಕಡೆಯವಳು, ಕುರಿ ಸಾಕುವ ಮನೆಯವಳು. ಜೂನಿನಲ್ಲಿ ಸೇರಿದಳು. ಬರಿಯ ಅಂಕಿಗಳ ಕೂಡುವುದು ಕಳೆಯುವುದು ಕೊಟ್ಟರೆ ಸರಿಯಾಗಿ ಮಾಡುತ್ತಿದ್ದಳು. ಅದೇ ಲೆಕ್ಕವನ್ನು ಮಾತಿನಲ್ಲಿ ಕೊಟ್ಟರೆ, ಒಬ್ಬನ ಹತ್ತಿರ ಇಷ್ಟು ಕುರಿಗಳಿದ್ದವು, ಇಷ್ಟನ್ನು ಮಾರಿದನು, ಉಳಿದವೆಷ್ಟು ಎಂದು ಕೇಳಿದರೆ, ಪೆನ್ಸಿಲ್ ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ಅಂಥವೇ. ಹಾಗಾಗಿ ಅವಳ ಉತ್ತರ ಪತ್ರಿಕೆ ಅರ್ಧಕ್ಕಿಂತ ಹೆಚ್ಚು ಖಾಲಿ.

ತಿಂಗಳಿಗೊಂದು ಭಾನುವಾರ ಪೋಷಕರು ಬರಬಹುದು. ಬೇವಿನ ಮರಗಳ ಕೆಳಗೆ ಒಂದೊಂದು ಮನೆಯವರು ಒಂದೊಂದು ನೆರಳು ಹಿಡಿದು ಬುತ್ತಿ ಬಿಚ್ಚುತ್ತಾರೆ. ಮಳೆಗಾಲ ಮುಗಿಯುತ್ತಾ ಬಂದಿದ್ದ ಅಂಥದೊಂದು ಭಾನುವಾರ ಅವಳ ಅಪ್ಪ ನನ್ನ ಬಳಿ ಬಂದು ನಿಂತ. ಹೆಗಲ ಮೇಲೆ ಕರಿಯ ಕಂಬಳಿ, ಕೈಯಲ್ಲಿ ಮೊಬೈಲು.

"ಅಕ್ಕಾರೆ, ಒಂದು ಮಾತು. ದೀಪಾವಳಿ ಆದ ಮ್ಯಾಲ ನಾವು ಹಿಂಡು ಹೊಡ್ಕಂಡು ಭದ್ರಾ ಕಾಲುವಿ ಕಡಿ ಹೋಗ್ತೀವಿ. ಮರಿ ನೋಡ್ಕಣಾಕ ಇವರವ್ವಗ ಒಂದು ಕೈ ಬೇಕು. ಈಕಿಗೆ ಲೆಕ್ಕ ಹತ್ತಿದ್ರ ಇರಲಿ, ಓದಲಿ. ಹತ್ತಲಿಲ್ಲಂದ್ರ ಸುಮ್ಮನ ಯಾಕ್ರೀ? ಕರ್ಕಂಡು ಹೋಗ್ತೀನಿ."

"ಲೆಕ್ಕ ಒಂದೇ ಏನ್ರೀ ಓದು?" ಎಂದೆ.

"ಕನ್ನಡ ನಮಗ ಬರತೈತ್ರೀ, ಮಾತಾಡ್ತೀವಲ್ಲ" ಎಂದ. ಪಕ್ಕದಲ್ಲಿದ್ದ ನಮ್ಮ ಕನ್ನಡ ಮಾಸ್ತರರು ಹರಪನಹಳ್ಳಿಯವರು, ಮಾತಿಗೆ ಸುಲಭವಾಗಿ ಸೋಲುವವರಲ್ಲ. ಅಂದು ಮಾತ್ರ ಬಾಯಿ ತೆರೆದು ಮುಚ್ಚಿದರು.

ವಿಷಯ ಬದಲಿಸಲು ಕೇಳಿದೆ: "ಎಷ್ಟು ಕುರಿ ಅದಾವ್ರೀ ನಿಮ್ಮವು?"

"ಅದಾವ್ರೀ."

"ಅಲ್ಲ, ಎಷ್ಟು?"

"ದೇವರು ಕೊಟ್ಟಷ್ಟು ಅದಾವ್ರೀ ಅಕ್ಕಾರೆ" ಎಂದು ಆತ ನನ್ನ ಮುಖ ನೋಡದೆ ಕಂಬಳಿ ಸರಿಮಾಡಿಕೊಂಡ. ಮಗಳನ್ನು ಲೆಕ್ಕ ಕಲಿಯಲು ಕಳಿಸಿದ ಮನುಷ್ಯ ತನ್ನ ಕುರಿಗಳ ಲೆಕ್ಕ ಹೇಳಲಿಲ್ಲ ಎಂಬುದು ಆಗ ನನಗೆ ಬರಿಯ ತಮಾಷೆಯಾಗಿ ಕಂಡಿತ್ತು. ಹಾಗೆ ಕಂಡಿತ್ತೆಂದು ಈಗ ಅನಿಸುತ್ತದೆ. ನಿಜವಾಗಿ ಆ ಕ್ಷಣದಲ್ಲಿ ನಾನು ದೀಪಾವಳಿಗೆ ಇನ್ನೆಷ್ಟು ವಾರ ಎಂದು ಯೋಚಿಸುತ್ತಿದ್ದಿರಬಹುದು.

*

ವಸತಿ ಶಾಲೆಯ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಇಲ್ಲಿ ನಮ್ಮ ಮುಖ್ಯ ಕೆಲಸ ಪಾಠ ಅಲ್ಲ, ಎಣಿಸುವುದು. ಮನೆಯಲ್ಲಿ ಮಗು ಎಲ್ಲಿದೆ ಎಂದು ತಾಯಿಗೆ ಗೊತ್ತಿರುತ್ತದೆ. ನಮಗೆ ಗೊತ್ತಿರುವುದಿಲ್ಲ, ಅದಕ್ಕೆ ಎಣಿಸುತ್ತೇವೆ. ಬೆಳಿಗ್ಗೆ ಹೆಸರು ಕೂಗಿ ಹಾಜರಿ. ಸಂಜೆ, ಆಟ ಮುಗಿದ ಮೇಲೆ, ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು ಒಬ್ಬರಾದ ಮೇಲೆ ಒಬ್ಬರು ಸಂಖ್ಯೆ ಕೂಗುತ್ತಾರೆ. ಕೊನೆಯವರು ಕೂಗಿದ ಸಂಖ್ಯೆ ನಮ್ಮ ಸಂಖ್ಯೆಗೆ ಸರಿಹೊಂದಿದರೆ ಊಟದ ಗಂಟೆ.

ಆ ವರ್ಷ ಹುಡುಗಿಯರ ಸಾಲಿನಲ್ಲಿ ಸಂಜೆಯ ಎಣಿಕೆ ಒಂದು ಕಡಿಮೆ ಬರತೊಡಗಿತು. ಒಂದು ದಿನವಲ್ಲ, ಹೆಚ್ಚುಕಡಿಮೆ ದಿನವೂ. ಗಾಬರಿಯಾಗಿ ಹೆಸರು ಕೂಗಿದರೆ ಎಲ್ಲರೂ ಇದ್ದಾರೆ, ಎಲ್ಲರೂ "ಬಂದೆ ಮೇಡಂ" ಎನ್ನುತ್ತಾರೆ. ಮತ್ತೆ ಸಂಖ್ಯೆ ಕೂಗಿಸಿದರೆ ಮತ್ತೆ ಒಬ್ಬಳಿಲ್ಲ.

"ಹೆಸರಿಗೆ ಎಲ್ರೂ ಅದಾರೆ, ನಂಬರಿಗೆ ಒಬ್ಳಿಲ್ಲ" ಎಂದರು ಕನ್ನಡ ಮಾಸ್ತರರು. "ದೆವ್ವ ಗಿವ್ವ ಓದಾಕೆ ಬಂದೈತೇನೋ ನೋಡ್ರಿ ಮೇಡಂ."

"ದೆವ್ವ ಬಂದಿದ್ರ ಒಂದು ಹೆಚ್ಚಾಗಬೇಕಿತ್ತಲ್ರೀ ಸರ್, ಕಡಿಮಿ ಯಾಕಾಗತೈತಿ?"

"ಅದ್ಕೇ ನಿಮ್ಮನ್ನ ಲೆಕ್ಕಕ್ಕೆ ಇಟ್ಟಿರೋದು, ನನ್ನನ್ನ ಪದ್ಯಕ್ಕೆ."

ಯಾವಳೋ ಆಟಕ್ಕೆ ಪಕ್ಕದವಳ ಸಂಖ್ಯೆಯನ್ನೇ ಕೂಗುತ್ತಿದ್ದಾಳೆ ಎಂದುಕೊಂಡೆ. ಒಂದು ಸಂಜೆ ಎದುರಿಗೆ ನಿಲ್ಲುವುದನ್ನು ಬಿಟ್ಟು ಸಾಲಿನ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ಬಂದು ನಿಂತೆ. ಕೂಗು ಒಂದು ತುದಿಯಿಂದ ಹೊರಟು ಹತ್ತಿರವಾಗುತ್ತಿತ್ತು. ಸಾಲಿನ ನಡುವಿಂದ ಒಬ್ಬಳು ಸದ್ದಿಲ್ಲದೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಎರಡೂ ಪಕ್ಕದವರು, ರೂಢಿಯಾದವರಂತೆ, ಆ ಜಾಗ ಮುಚ್ಚಿಕೊಂಡರು. ಅವಳು ಟ್ಯಾಂಕಿನ ನೆರಳಿಗೆ ಬಂದಳು. ಅಲ್ಲಿ ನಾನಿದ್ದೆ.

ಕುರಿ ಮನೆಯ ಹುಡುಗಿಯೇ.

ಓಡಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿ, ಕೂಗು ಕೊನೆ ಮುಟ್ಟುವವರೆಗೂ ನೆಲ ನೋಡುತ್ತಾ ನಿಂತಳು.

"ಯಾಕವ್ವಾ, ಲೈನಿನಾಗ ನಿಂದ್ರಾಕ ಏನಾಗಿತ್ತು ನಿನಗ?"

ಅವಳು ಟ್ಯಾಂಕಿನ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.

"ಬೈಯಂಗಿಲ್ಲ. ಹೇಳು."

"ಎಣಿಸ್ಬಾರದ್ರೀ ಮೇಡಂ."

"ಯಾರನ್ನ?"

"ಯಾರನ್ನೂ. ಕುರಿನೂ ಎಣಿಸ್ಬಾರದು, ಮಂದಿನೂ ಎಣಿಸ್ಬಾರದು. ಎಣಿಸಿದ್ರ ಕಡಿಮಿ ಆಕ್ಕಾವ."

"ಓಹೋ. ಅದಕ್ಕ ನೀನು ಒಬ್ಬಾಕಿ ಉಳ್ಕಣಾಕ ಇಲ್ಲಿ ಬಂದು ನಿಂದ್ರತಿ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಇಷ್ಟು ದಡ್ಡರಿರುತ್ತಾರೆಯೇ ಎಂಬ ನೋಟ. ಮಕ್ಕಳಿಂದ ಆ ನೋಟ ಪಡೆಯುವುದು ನಮ್ಮ ವೃತ್ತಿಯಲ್ಲಿ ಅಪರೂಪವಲ್ಲ, ಆದರೆ ಇದರಲ್ಲಿ ಕನಿಕರವೂ ಇತ್ತು.

"ನಾ ಉಳ್ಕಣಾಕ ಅಲ್ರೀ. ನಾ ಇಲ್ಲಂದ್ರ ನಿಮ್ಮ ಲೆಕ್ಕ ತಪ್ಪತೈತಿ. ತಪ್ಪು ಲೆಕ್ಕ ಯಾರಿಗೂ ತಟ್ಟಂಗಿಲ್ಲ."

ಈ ಮಾತು ಮಾತ್ರ ಅವಳದೇ. ಇದನ್ನು ನಾನು ಕಲ್ಪಿಸಿಕೊಳ್ಳಲಾರೆ, ನನಗೆ ಅಷ್ಟು ಬುದ್ಧಿ ಇಲ್ಲ. ಆ ಸಂಜೆ ಟ್ಯಾಂಕಿನ ತೇವದ ಗೋಡೆಗೆ ಒರಗಿ ನಿಂತಾಗ ನನಗೆ ಮೆಲ್ಲನೆ ಅರ್ಥವಾಯಿತು. ಜೂನಿನಿಂದ ಈ ಮಗು, ತನ್ನ ಹೆಸರು ಕೂಡ ಸರಿಯಾಗಿ ಗೊತ್ತಿರದ ಮಕ್ಕಳನ್ನೆಲ್ಲ ದಿನವೂ ಸಂಜೆ ಕಾಯುತ್ತಿತ್ತು. ನಾವು ಅವರನ್ನು ಎಣಿಸಿ ಕಾಯುತ್ತಿದ್ದೆವು. ಅವಳು ಎಣಿಕೆಯನ್ನು ಕೆಡಿಸಿ ಕಾಯುತ್ತಿದ್ದಳು.

ನಗಬೇಕೆನಿಸಲಿಲ್ಲ. ನಮ್ಮ ಅಜ್ಜಿ ನೆನಪಾದಳು. ನಮ್ಮ ಮನೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಜೋಳ ಅಳೆಯುವಾಗ ಅವಳು ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದಳು. ಲಾಭ, ಎರಡು, ಮೂರು. ಒಂದು ಎಂದು ಬಿಟ್ಟರೆ ರಾಶಿ ಮುನಿಯುತ್ತದೆ ಎಂಬಂತೆ. ನಾನು ಆ ಮನೆಯಿಂದ ಹೊರಟು ಎಮ್ಮೆಸ್ಸಿ ಗಣಿತ ಮುಗಿಸಿದವಳು. ಈಗಲೂ ಅಕ್ಕಿ ಅಳೆಯುವಾಗ ಮೊದಲ ಪಾವಿಗೆ ನನ್ನ ಬಾಯಿ ಸುಮ್ಮನಿರುತ್ತದೆ.

"ಆತು, ಎಣಿಸಂಗಿಲ್ಲ" ಎಂದೆ. "ಆದ್ರ ಯಾವಾಕಿನರ ಬಾವಿ ಕಡಿ ಹೋಗಿದ್ರ? ನನಗ ಹೆಂಗ ಗೊತ್ತಾಗಬೇಕು? ನಿಮ್ಮಲ್ಲಿ ಹೆಂಗ ಮಾಡ್ತೀರಿ?"

"ಮರಿ ಬಿಡ್ತೀವ್ರೀ."

"ಬಿಟ್ರ?"

"ತಾಯಿ ಹುಡುಕ್ಕಂಡು ಹೋಕ್ಕಾವ. ಎಲ್ಲಾವೂ ಮೊಲಿಗೆ ಬಾಯಿ ಹಾಕಿದ್ವು ಅಂದ್ರ ಎಲ್ಲಾ ಬಂದಾವ. ಒಂದು ಮರಿ ಒದರ್ಕಂತ ತಿರುಗಾಡಾಕ ಹತ್ತಿತು ಅಂದ್ರ ಅದರ ತಾಯಿ ಹೊರಗ ಉಳದೈತಿ. ನಮ್ಮಪ್ಪ ಬ್ಯಾಟರಿ ಹಿಡ್ಕಂಡು ಹೋಕ್ಕಾನ."

"ಮರಿ ಇಲ್ಲದ ಕುರಿ?"

"ಅವಕ್ಕ ಗೆಳತ್ಯಾರು ಇರ್ತಾರಲ್ರೀ" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

*

ತಟ್ಟೆಯ ಉಪಾಯ ಯಾರದೆಂದು ಈಗ ಹೇಳಲಾರೆ. ನನ್ನದೆಂದು ಮುಖ್ಯೋಪಾಧ್ಯಾಯರಿಗೆ ಹೇಳಿದ ನೆನಪು. ನಮ್ಮಲ್ಲಿ ಪ್ರತಿ ಮಗುವಿಗೂ ಒಂದು ಸ್ಟೀಲ್ ತಟ್ಟೆ, ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿರುತ್ತದೆ. ಸಂಜೆ ಆ ತಟ್ಟೆಗಳನ್ನೆಲ್ಲ ಜಗಲಿಯ ಮೇಲೆ ಹರಡಿಟ್ಟು ಗಂಟೆ ಹೊಡೆದರೆ, ಮಕ್ಕಳು ಓಡಿ ಬಂದು ತಮ್ಮ ತಮ್ಮ ತಟ್ಟೆ ಹಿಡಿಯುತ್ತಾರೆ. ತಟ್ಟೆ ಉಳಿಯದಿದ್ದರೆ ಎಲ್ಲರೂ ಬಂದಿದ್ದಾರೆ. ಒಂದು ಉಳಿದರೆ, ಬಾರದವಳ ಹೆಸರನ್ನು ತಟ್ಟೆಯೇ ಹೇಳುತ್ತದೆ.

ನಮ್ಮ ಎಣಿಕೆಗಿಂತ ಇದು ಉತ್ತಮವಾಗಿತ್ತು. ಎಣಿಕೆ ಒಬ್ಬಳಿಲ್ಲ ಎಂದಷ್ಟೇ ಹೇಳುತ್ತಿತ್ತು, ಯಾರು ಎಂದು ಹೇಳುತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ಒಪ್ಪಿದರು, ಒಂದು ಷರತ್ತಿನ ಮೇಲೆ: ಪೋಷಕರು ಬರುವ ಭಾನುವಾರ ಮಾತ್ರ ಹಳೆಯ ಎಣಿಕೆ ನಡೆಯಲೇಬೇಕು. ಅಂದು ಗೇಟು ತೆರೆದಿರುತ್ತದೆ, ಮಕ್ಕಳು ಹಾಗೇ ಊರ ಕಡೆ ನಡೆದುಬಿಡುತ್ತಾರೆ, ಸಂಖ್ಯೆ ಬರೆದಿಡಬೇಕು.

"ಎಮ್ಮೆಸ್ಸಿ ಓದಿ ತಟ್ಟೆ ಜೋಡಸ್ತೀರಲ್ಲ ಮೇಡಂ" ಎಂದು ಕನ್ನಡ ಮಾಸ್ತರರು ಕಾಡಿದರು. "ಇನ್ನ ಲೋಟಾನೂ ಜೋಡ್ಸಿಬಿಟ್ರೆ ಡಾಕ್ಟರೇಟ್ ಕೊಡ್ತಾರೆ."

ತಟ್ಟೆ ಹರಡುವ ಕೆಲಸ ಅವಳದಾಯಿತು. ಅವಳ ಜೊತೆ ನಾನೂ ಹರಡುತ್ತಿದ್ದೆ. ಈಗ ಬರುತ್ತದೆ ನಾನು ನಂಬದ ಭಾಗ.

ಬಿಸಿಲು ಇಳಿಯುತ್ತಿತ್ತು. ಕನ್ನಡ ಮಾಸ್ತರರು ಬಾಗಿಲ ಬಳಿ ಮಂಡಕ್ಕಿ ತಿನ್ನುತ್ತಾ ನಿಂತಿದ್ದರು. ಹುಡುಗಿ ಒಂದು ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತಳು.

"ಮೇಡಂ, ಮುಗಿಯದ ಹಿಂಡು ಇದ್ರ?"

"ಅಂದ್ರ?"

"ಎಷ್ಟು ಹೊಡದ್ರೂ ಹಿಂದಿಂದ ಬರ್ತಾನ ಇರ್ತಾವ. ಕಡೀ ಕುರಿ ಅನ್ನೋದ ಇಲ್ಲ. ಒಂದೊಂದಕ್ಕ ಒಂದೊಂದು ಮರಿ."

"ಆತು."

"ಒಂದು ಕುರಿ ಸತ್ತು ಹೋತು, ಅದರ ಮರಿ ತಬ್ಬಲಿ ಆತು. ಆ ಮರೀನ ಅದರ ಹಿಂದಿನ ಕುರಿಗೆ ಬಿಡ್ತೀನಿ. ಆ ಕುರಿ ಮರೀನ ಅದರ ಹಿಂದಿನ ಕುರಿಗೆ. ಅದರದ್ದನ್ನ ಅದರ ಹಿಂದಿನದಕ್ಕ. ಹಂಗ ಬಿಡ್ಕಂತ ಹೋದ್ರ…" ಅವಳು ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದಳು. "ಒಂದು ಮರಿನೂ ತಬ್ಬಲಿ ಇರಂಗಿಲ್ಲ ಅಲ್ರೀ? ಕುರಿ ಸತ್ರೂ?"

ಮುಗಿಯದ, ಅಂದರೆ ಅನಂತವಾದ, ಗುಂಪಿನಿಂದ ಒಂದನ್ನು ತೆಗೆದರೂ ಅದು ಮೊದಲಿನಷ್ಟೇ ಇರುತ್ತದೆ ಎಂಬುದನ್ನು ನಾನು ಯೂನಿವರ್ಸಿಟಿಯ ಕರಿಹಲಗೆಯ ಮೇಲೆ ಕಲಿತಿದ್ದೆ. ಪರೀಕ್ಷೆಗೆ ಬರೆದು ಅಂಕ ತೆಗೆದುಕೊಂಡಿದ್ದೆ. ಅಂದು ಅದು ಅರ್ಥವಾಗಿದೆ ಎಂದುಕೊಂಡಿದ್ದೆ. ಅದರಲ್ಲಿ ಚಿಹ್ನೆಗಳಿದ್ದವು, ಬಾಣಗಳಿದ್ದವು. ತಬ್ಬಲಿ ಇರಲಿಲ್ಲ. ಎಣಿಸಲು ಒಲ್ಲೆ ಎಂದ ಹುಡುಗಿ, ಎಣಿಸಲು ಒಲ್ಲೆ ಎಂದ ಕಾರಣಕ್ಕೇ, ನಾವೆಲ್ಲ ಎಣಿಕೆಯ ಏಣಿ ಹತ್ತಿ ಹತ್ತಿ ಬಹಳ ತಡವಾಗಿ ತಲುಪುವ ಜಾಗದಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಕೈಯಲ್ಲಿ ಮತ್ತೊಬ್ಬಳ ತಟ್ಟೆ. ಭಯದಂಥದೇ ಏನೋ ಆಯಿತು. ದೇವಸ್ಥಾನದಲ್ಲಿ ನನಗೆ ಹಾಗೆ ಆಗಿಲ್ಲ.

ಆದರೆ ಅವಳು ನಿಜವಾಗಿ ಇಷ್ಟು ಹೇಳಿದಳೇ? ಕನ್ನಡ ಮಾಸ್ತರರನ್ನು ಆಮೇಲೆ ಕೇಳಿದ್ದೇನೆ. ಅವರ ನೆನಪು ಬೇರೆ. "ತಬ್ಬಲಿ ಇರಂಗಿಲ್ಲ ಅಂದ್ಳು ಮೇಡಂ, ಅದು ಖರೆ. ಹಿಂದಿಂದು, ಅದರ ಹಿಂದಿಂದು ಅಂತ ಕೇಳ್ತಾ ಹೋದೋರು ನೀವೇ. ಆಕೆ ಹೂಂ ಹೂಂ ಅಂದ್ಳು." ಅವರು ಹೇಳುವುದೇ ಸರಿಯಿರಬಹುದು. ಶಿಕ್ಷಕರಿಗೆ ಪ್ರಶ್ನೆಯೊಳಗೇ ಉತ್ತರ ತುರುಕುವ ಚಟವಿರುತ್ತದೆ. ಆದರೂ ತಟ್ಟೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ್ದನ್ನು ನಾನು ಕಂಡಿದ್ದೇನೆ. ಅದನ್ನು ನಾನು ಕೇಳಿ ಮಾಡಿಸಿದ್ದಲ್ಲ.

*

ದೀಪಾವಳಿ ಆಯಿತು. ಆಮೇಲಿನ ಭೇಟಿಯ ಭಾನುವಾರ ಅವಳ ಅಪ್ಪ ಬಂದ. ಬೇವಿನ ಕೆಳಗೆ ಕಂಬಳಿ ಹಾಸಿ, ರೊಟ್ಟಿ, ಗುರೆಳ್ಳು ಪುಡಿ, ಕೊಟ್ಟೂರಿನಲ್ಲಿ ಕಟ್ಟಿಸಿಕೊಂಡ ಮಂಡಕ್ಕಿ, ಹುರಿದ ಶೇಂಗಾ ಎಲ್ಲ ಬಿಚ್ಚಿಟ್ಟಿದ್ದ. ಹಿಂಡು ಆಗಲೇ ಹರಪನಹಳ್ಳಿ ದಾಟಿದೆ, ತಾನು ಹಿಂದಿನಿಂದ ಹೋಗಿ ಕೂಡಿಕೊಳ್ಳಬೇಕು ಎಂದ. ಮಗಳ ಬಟ್ಟೆ ತುಂಬಲು ಒಂದು ಖಾಲಿ ಚೀಲವನ್ನೂ ತಂದಿದ್ದ. ಅದನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

"ಹತ್ತಿತೇನ್ರೀ ಲೆಕ್ಕ?"

"ಹತ್ತೈತಿ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ತೋರ್ಸವ್ವಾ ನಿಮ್ಮಪ್ಪಗ."

ಅವಳು ಕಂಬಳಿಯ ಮೇಲೆ ಶೇಂಗಾ ಒಂದು ಸಾಲು ಇಟ್ಟಳು, ಅದರ ಎದುರಿಗೆ ಮಂಡಕ್ಕಿ ಒಂದು ಸಾಲು. ಒಂದಕ್ಕೊಂದು ಜೋಡಿಸಿದಳು. ಕೊನೆಗೆ ಒಂದು ಮಂಡಕ್ಕಿ ಒಂಟಿಯಾಗಿ ಉಳಿಯಿತು. ಅದನ್ನು ಹೇಗೆ ಹಿಂದಕ್ಕೆ ಹಿಂದಕ್ಕೆ ದಾಟಿಸುತ್ತಾ ಹೋಗಬಹುದೆಂದು ಬೆರಳಿನಲ್ಲಿ ತೋರಿಸಿದಳು. ನಾನು ಮಧ್ಯೆ ಮಧ್ಯೆ ವಿವರಿಸಿದೆ. ಬಹಳ ಮಾತಾಡಿದೆ.

ಅಪ್ಪ ಎಲ್ಲವನ್ನೂ ನೋಡಿದ. ಉಳಿದ ಮಂಡಕ್ಕಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡ.

"ಇದು ನಮ್ಮನಿ ಲೆಕ್ಕ ಅಲ್ಲೇನ್ರೀ ಅಕ್ಕಾರೆ? ಇದು ಈಕಿಗೆ ಮೊದಲ ಬರ್ತಿತ್ತು. ಇದನ್ನ ಕಲಿಯಾಕ ಇಲ್ಲಿಗ್ಯಾಕ ಬರಬೇಕಿತ್ತು?"

ಆತ ಹೇಳಿದ್ದು ನಿಜ. ನಾನು ಬೆರಗಾದದ್ದೆಲ್ಲ ಅವನ ಹಟ್ಟಿಯಲ್ಲಿ ಸಂಜೆಯ ರೂಢಿ. ಅಷ್ಟರಲ್ಲಿ ಎಣಿಕೆಯ ಮೊದಲ ಗಂಟೆ ಹೊಡೆಯಿತು.

"ಅದೇನದು?" ಎಂದ.

"ಎಣಿಸಾಕಪ್ಪಾ" ಎಂದಳು ಮಗಳು.

"ಯಾರನ್ನ?"

"ನಮ್ಮನ್ನ."

ಆತ ಎದ್ದೇ ನಿಂತ. "ನಿನ್ನನ್ನೂ ಎಣಿಸ್ಯಾರೇನು?"

"ಇಲ್ಲಪ್ಪಾ. ನಾ ಸರದು ನಿಂದ್ರತೀನಿ. ಲೆಕ್ಕ ತಪ್ಪತೈತಿ."

ಅವನು ನನ್ನ ಕಡೆ ನೋಡಲಿಲ್ಲ. ಮಡಿಸಿದ ಚೀಲವನ್ನು ಕೊಡವಿ ಬಿಡಿಸಿದ. "ನಡಿ, ಬಟ್ಟಿ ತಗಂಡು ಬಾ. ಸಾಕು ನಿನ್ನ ಸಾಲಿ."

ಅವಳು ಕದಲಲಿಲ್ಲ.

"ಅಪ್ಪಾ, ನಾ ಬಂದ್ಬಿಟ್ರ ಇವರ ಲೆಕ್ಕ ಸರಿಯಾಗಿಬಿಡತೈತಿ."

"ಆದ್ರ ಆಗಲಿ."

"ಆದ್ರ ಇವರಿಗೆ?" ಎಂದು ಬೇವಿನ ಮರಗಳ ಕೆಳಗಿನಿಂದ ಎದ್ದು ಓಡುತ್ತಿದ್ದ ಹುಡುಗಿಯರ ಕಡೆ ಗದ್ದ ಚಾಚಿದಳು.

ಅಪ್ಪ ಮಗಳ ನಡುವೆ ಆ ಹೊತ್ತಿನಲ್ಲಿ ಏನು ನಡೆಯಿತೋ ನಾನು ಕಾಣಲಿಲ್ಲ. ನಾನು ಅಲ್ಲೇ ಇದ್ದೆ, ಆದರೂ ಕಾಣಲಿಲ್ಲ. ಚೀಲ ಅವನ ಕೈಯಲ್ಲಿ ಬಾಯಿ ತೆರೆದುಕೊಂಡು ತೂಗುತ್ತಿತ್ತು. ಮತ್ತೆ ಮಾತಾಡಿದಾಗ ಅವನ ದನಿ ತಗ್ಗಿತ್ತು.

"ಸಾಲಿ ಲೆಕ್ಕ ನಿನಗ ಬಾಯಿಲೆ ಬರಂಗಿಲ್ಲ ಅಲ್ಲಬೇ. ಬರದ ಇದ್ರ ಇಲ್ಲಿ ಯಾರು ಇಟ್ಕಂತಾರ ನಿನ್ನ?"

ಎರಡನೇ ಗಂಟೆ ಹೊಡೆಯಿತು. ಅವಳು ಓಡಿದಳು.

ನಾನು ಸಾಲಿನ ಎದುರಿಗೆ ಹೋಗಿ ನಿಂತೆ. ಎಲ್ಲ ಪೋಷಕರಂತೆ ಅವನೂ ಗೇಟಿನ ಬಳಿ ಹೋಗಿ ನಿಂತಿದ್ದ. ಒಂದು ಕೈಯಲ್ಲಿ ಚೀಲ, ಹೆಗಲ ಮೇಲೆ ಕಂಬಳಿ. ಕೂಗು ಶುರುವಾಯಿತು. ಸಣ್ಣ ದನಿ, ಕೀಚು ದನಿ, ನೆಗಡಿಯ ದನಿ. ಅವಳು ಎಂದಿನ ಜಾಗದಲ್ಲಿದ್ದಳು. ಕೂಗು ಹತ್ತಿರ ಬಂದಂತೆ ಅವಳ ಎರಡೂ ಪಕ್ಕದವರು ರೂಢಿಯಂತೆ ಒತ್ತರಿಸಿಕೊಳ್ಳಲು ಸಿದ್ಧರಾದರು. ಅವಳು ಸರಿಯಲಿಲ್ಲ. ಪಕ್ಕದವಳ ಸಂಖ್ಯೆ ಆಯಿತು. ಅವಳು ಗದ್ದ ಎತ್ತಿ, ಗೇಟಿನವರೆಗೂ ಕೇಳುವಂತೆ, ಒಂದು ಸಂಖ್ಯೆ ಕೂಗಿದಳು.

ಯಾವ ಸಂಖ್ಯೆ ಎಂದು ನನಗೆ ನೆನಪಿಲ್ಲ. ನನಗೆ ಆಗ ಸಂಖ್ಯೆ ಕೇಳಿಸಲೇ ಇಲ್ಲ, ದನಿಯಷ್ಟೇ ಕೇಳಿಸಿತು. ಅವಳ ಮುಂದಿನವಳು ಅಲ್ಲಿಂದ ಹಿಡಿದು ಮುಂದುವರಿಸಿದಳು. ಸಾಲು ಕೊನೆ ಮುಟ್ಟಿತು.

ಕನ್ನಡ ಮಾಸ್ತರರು ನನ್ನ ಬಳಿ ಬಂದು ಪಿಸುಗುಟ್ಟಿದರು. "ಮೇಡಂ, ಇವತ್ತು ಒಂದು ಹೆಚ್ಚಾತಲ್ರೀ."

"ಏನಂದ್ರಿ?"

"ಒಂದು ಹೆಚ್ಚು. ಕಡಿಮೆ ಅಲ್ಲ, ಹೆಚ್ಚು. ದೆವ್ವ ಬಂತು ನೋಡ್ರಿ ಕಡೀಗೂ."

ನಡುವೆ ಎಲ್ಲೋ ಒಂದು ಸಂಖ್ಯೆಯನ್ನು ಯಾರೋ ಹಾರಿಸಿದ್ದರು. ಯಾರು ಎಂದು ಕೇಳಬೇಕಾಗಿರಲಿಲ್ಲ. ಅಪ್ಪನಿಗೆ ಅವಳ ಬಾಯಿಂದ ಲೆಕ್ಕ ಕೇಳಿಸಿತ್ತು. ಮಕ್ಕಳ ಲೆಕ್ಕ ಅಂದೂ ತಪ್ಪಾಗಿಯೇ ಉಳಿದಿತ್ತು. ಮತ್ತೊಮ್ಮೆ ಕೂಗಿಸೋಣವೇ ಎಂದು ಮಾಸ್ತರರು ಕೇಳಿದರು. ಬೇಡ ಎಂದೆ. ಹೆಸರು ಕೂಗಿ, ಎಲ್ಲರೂ ಇರುವುದನ್ನು ನೋಡಿ, ಊಟಕ್ಕೆ ಬಿಟ್ಟೆ.

ತಿರುಗಿ ನೋಡಿದರೆ ಗೇಟಿನ ಬಳಿ ಅವನಿರಲಿಲ್ಲ. ಕಾಂಪೌಂಡಿನ ಗೋಡೆಯ ಮೇಲೆ ಅವನ ಕಂಬಳಿ ಮಡಿಸಿಟ್ಟಿತ್ತು. ಕಾಲುವೆಯ ಗದ್ದೆ ಬಯಲಿನಲ್ಲಿ ಆ ತಿಂಗಳು ಎಂಥ ಚಳಿ ಇರುತ್ತದೆಂದು ನನಗೆ ಗೊತ್ತು. ಖಾಲಿ ಚೀಲವನ್ನು ಮಾತ್ರ ಅವನು ಹಿಂದಕ್ಕೆ ಒಯ್ದಿದ್ದ.

ಅವಳು ಹತ್ತನೆಯವರೆಗೂ ಇಲ್ಲೇ ಓದಿದಳು. ಮಾತಿನ ಲೆಕ್ಕಗಳನ್ನೂ ಬರೆಯತೊಡಗಿದಳು. ಕುರಿ ಎಂದಿರುವಲ್ಲಿ ಕಲ್ಲು ಎಂದು ಮನಸ್ಸಿನಲ್ಲೇ ಬದಲಿಸಿಕೊಳ್ಳುತ್ತೇನೆ ಎಂದು ಒಮ್ಮೆ ಹೇಳಿದಳು, ಅಥವಾ ಹಾಗೆ ಮಾಡು ಎಂದು ನಾನೇ ಹೇಳಿಕೊಟ್ಟೆ. ಈಗ ದಾವಣಗೆರೆಯಲ್ಲಿ ಓದುತ್ತಿದ್ದಾಳೆ. ಶಾಲೆಗೆ ಈಗ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂದಿದೆ. ಕರೆಂಟು ಹೋದ ಸಂಜೆ ತಟ್ಟೆಗಳು ಮತ್ತೆ ಜಗಲಿಗೆ ಬರುತ್ತವೆ.

ತಮ್ಮ ಮತ್ತೆ ಕೇಳುತ್ತಾನೆ, ಅಲ್ಲಿ ಏನೈತಿ ಅಂತ. ಬೇರೆಯವರ ಮಕ್ಕಳು ದಿನವೂ ನನ್ನೆದುರು ನಿಲ್ಲುತ್ತಾರೆ, ಅವರೊಳಗೆ ಏನಿದೆಯೆಂದು ನನಗೆ ಗೊತ್ತಿರುವುದಿಲ್ಲ, ಎಂದಾದರೊಂದು ಸಂಜೆ ಅದರ ಒಂದು ಅಂಚು ಕಾಣುತ್ತದೆ. ಇಷ್ಟನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಊಟ ಆಯಿತೇನೋ ಎಂದು ಕೇಳಿ ಇಟ್ಟುಬಿಡುತ್ತೇನೆ.

ಆ ಭಾನುವಾರ ಅವಳು ಬೇಕೆಂದೇ ಒಂದು ಸಂಖ್ಯೆಯನ್ನು ಹಾರಿಸಿದಳೋ, ಹೆದರಿಕೆಯಲ್ಲಿ ನಾಲಿಗೆ ಮುಂದಕ್ಕೆ ಜಿಗಿಯಿತೋ, ನನಗೆ ಗೊತ್ತಿಲ್ಲ. ಹಾರಿಸಿದ್ದು ಅವಳೇ ಎಂಬುದಕ್ಕೂ ನನ್ನ ಬಳಿ ಸಾಕ್ಷಿ ಇಲ್ಲ. ಗೇಟಿನ ಬಳಿ ನಿಂತವನಿಗೆ ಅದು ತಿಳಿಯಿತೋ, ತಿಳಿದೇ ಕಂಬಳಿ ಬಿಟ್ಟು ಹೋದನೋ, ಅದೂ ಗೊತ್ತಿಲ್ಲ. ಅವಳು ಆಮೇಲೆ ಎಷ್ಟೋ ಸಲ ಬಂದಿದ್ದಾಳೆ. ನಾನು ಕೇಳಿಲ್ಲ.